ಒಂದು ಬಿಳಿಗೆ ಇನ್ನೊಂದು ಬಿಳಿ

ಗಂಗೊಳ್ಳಿಯ ಅಳಿವೆ ಬದಿ, ತೆಂಗಿನ ನೆರಳಿನಲ್ಲಿ ಮಗುಚಿಟ್ಟ ಫೈಬರ್ ದೋಣಿ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತವರ ಕೈಯಲ್ಲಿ ಬೆರಳಗಲದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ, ಅದರ ತುದಿಗೆ ಬಿಳಿ ಬಣ್ಣದ ಒಂದು ಬೊಟ್ಟು. ಪಟ್ಟಿಯನ್ನು ದೋಣಿಯ ಮೈಗೆ ಒತ್ತುತ್ತಾರೆ, ತಲೆ ಓರೆ ಮಾಡಿ ನೋಡುತ್ತಾರೆ, ತಲೆಯಾಡಿಸುತ್ತಾರೆ. ಬೆಂಕಿಕಡ್ಡಿಯ ತುದಿಯಲ್ಲಿ ಹಳದಿ ಅದ್ದಿ ಮತ್ತೆ ಕಲಸುತ್ತಾರೆ. ನಾನು ಬಂದು ಅರ್ಧ ಗಂಟೆಯಾಗಿತ್ತು. ಅದು ಆರನೆಯ ಪಟ್ಟಿ.

“ಕಾಣಿ, ಬಿಳಿ ಅಂದ್ರೆ ಒಂದೇ ಬಿಳಿ ಅಲ್ಲ” ಎಂದರು.

ರಿಪೇರಿ ಆಗಬೇಕಿದ್ದದ್ದು ಹೆಬ್ಬೆರಳ ಉಗುರಿನಷ್ಟು ಗಾಯ. ದಕ್ಕೆಯ ಕಲ್ಲಿಗೆ ಉಜ್ಜಿ ಹೊರಪದರ ಎದ್ದಿದೆ, ಒಳಗಿನ ಗಾಜಿನ ನಾರು ಇನ್ನೂ ಕಂಡಿಲ್ಲ. ಆ ಹೊರಪದರವೇ ಜೆಲ್‌ಕೋಟ್. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳ, ದಪ್ಪ ಹೆಚ್ಚೆಂದರೆ ಅರ್ಧ ಮಿಲಿಮೀಟರ್‌ನ ಆಸುಪಾಸು. ಫೈಬರ್ ದೋಣಿ ಹುಟ್ಟುವುದು ಹೊರಗಿನಿಂದ ಒಳಕ್ಕೆ: ಅಚ್ಚಿಗೆ ಮೇಣ ಸವರಿ ಮೊದಲು ಜೆಲ್‌ಕೋಟ್ ಬಳಿಯುತ್ತಾರೆ, ಆಮೇಲೆ ಅದರ ಬೆನ್ನಿಗೆ ಗಾಜಿನ ಮ್ಯಾಟ್ ಹಾಸಿ ರಾಳ ಕುಡಿಸುತ್ತಾರೆ. ನೀರನ್ನೂ ಬಿಸಿಲನ್ನೂ ತಡೆಯುವುದು ಈ ಚರ್ಮ. ಅದು ಬಿರಿದಲ್ಲಿ ನೀರು ನಾರಿನ ಗುಂಟ ಮೆಲ್ಲನೆ ಒಳಸೇರುತ್ತದೆ.

ಮೊದಲಿನ ಕಾಲದ ಮಾತನ್ನು ಹೇಳಿದವರು ಪಕ್ಕದಲ್ಲೇ ಬಲೆ ಹೆಣೆಯುತ್ತಿದ್ದ ಹಿರಿಯರು. ಮಾವು, ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ಹುರಿಯಲ್ಲಿ ಹೊಲಿದ ದೋಣಿಗಳಿಗೆ ಬೈಗೆ ಮೀನಿನ ಎಣ್ಣೆ, ಗೇರು ಎಣ್ಣೆ ಹಚ್ಚುತ್ತಿದ್ದರಂತೆ. ಗಬ್ಬು ನಾತ, ಆದರೆ ಹಚ್ಚಲು ಯಾರನ್ನೂ ಕಾಯಬೇಕಿರಲಿಲ್ಲ. ಫೈಬರ್ ಬಂದ ಮೇಲೆ ಚಿಕ್ಕ ಗೀರಿಗೂ ಯಾರ್ಡಿನವರನ್ನು ಕರೆಯುವುದು ರೂಢಿಯಾಯಿತು. ನನ್ನ ಕಣ್ಣಿಗೆ ಬಿದ್ದ ನಷ್ಟ ಇದೇ. ಉಗುರಿನಷ್ಟು ಗಾಯಕ್ಕೆ ದೋಣಿಯ ಒಡೆಯನ ಕೈಯೇ ಸಾಕು, ಕಲಿತಿದ್ದರೆ.

ಕಲಿಯಬೇಕಾದದ್ದೂ ಬಹಳವಿಲ್ಲ. ಸಡಿಲವಾದ ಚೂರುಗಳನ್ನು ಚೂಪು ಹತ್ಯಾರದಿಂದ ಕೆರೆದು ತೆಗೆಯಬೇಕು. ಕೂದಲೆಳೆಯ ಬಿರುಕಾದರೆ ಅದನ್ನು ಗಟ್ಟಿ ಅಂಚು ಸಿಗುವ ತನಕ ಅಗಲಿಸಬೇಕು. ಮೇಲಿಂದ ಮೆತ್ತಿದರೆ ನಿಲ್ಲದು. ಅಸಿಟೋನಿನಲ್ಲಿ ಒರೆಸಿ, ಸುತ್ತ ಟೇಪು ಅಂಟಿಸಬೇಕು. ನಾರು ಕಂಡರೆ ಅಥವಾ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಬೇರೆಯೇ ಕೆಲಸ, ಅಲ್ಲಿ ಬಲ್ಲವರೇ ಬೇಕು.

ರಾಸಾಯನಿಕದ ಬಗ್ಗೆ ಮಾತ್ರ ಪಟ್ಟಿ ಹಿಡಿದು ಕೂತವರು ದನಿ ಏರಿಸಿಯೇ ಹೇಳಿದರು. ಕೋಬಾಲ್ಟಿನ ಆಕ್ಸಿಲರೇಟರನ್ನು ರಾಳಕ್ಕೆ ಪೂರ್ತಿ ಕಲಸಿಕೊಂಡ ಮೇಲೆಯೇ ಹಾರ್ಡನರ್ ಹಾಕಬೇಕು. ಅವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹಾರ್ಡನರ್ ನೂರು ಗ್ರಾಂ ರಾಳಕ್ಕೆ ಒಂದೆರಡು ಗ್ರಾಂ ಅಷ್ಟೆ, ಆದರೆ ಅದರ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅವರ ಕನ್ನಡಕವೂ ಕೈಗವಸೂ ಗೀರು, ಕಲೆಗಳಿಂದ ಮಸುಕಾಗಿದ್ದವು. ಆದರೂ ಕೆಲಸ ಮುಗಿಯುವ ತನಕ ಅವು ಕಳಚಲಿಲ್ಲ.

ಬಣ್ಣದ ಹೊಂದಿಕೆಗೆ ಮುನ್ನ ಗಾಯದ ಪಕ್ಕದ ಜಾಗವನ್ನು ಅವರು ಪಾಲಿಶಿನಲ್ಲಿ ಉಜ್ಜಿದ್ದರು. ಬಿಸಿಲಿಗೆ ಸುಣ್ಣದಂತೆ ಪುಡಿಗಟ್ಟಿದ ಮೇಲ್ಮೈ ದೋಣಿಯ ನಿಜವಾದ ಬಣ್ಣವಲ್ಲ. ಕೆಳಗೆ ಸಿಕ್ಕದ್ದು ಹಾಲಿಗಿಂತ ಮಾಸಿದ, ದಂತಕ್ಕಿಂತ ತಿಳಿಯಾದ ಬಿಳಿ. “ನಡು ಮಧ್ಯಾಹ್ನದ ಬಿಸ್ಲಗೆ ಬಣ್ಣ ಕಾಣುಕಾಗ” ಎಂದವರು ಮೋಡ ಮುಸುಕುವುದನ್ನೇ ಕಾದರು. ಎಂಟನೆಯ ಪಟ್ಟಿಯ ಬೊಟ್ಟು ದೋಣಿಯ ಮೈಯಲ್ಲಿ ಕರಗಿ ಹೋಯಿತು.

ಗಾಯವನ್ನು ಕೊಂಚ ಉಬ್ಬುವಂತೆ ತುಂಬಿದರು, ಗಟ್ಟಿಯಾಗುವಾಗ ರಾಳ ಕುಗ್ಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಗಾಳಿಗುಳ್ಳೆ ಉಳಿಯದಂತೆ ಒತ್ತಿ ಅಂಟಿಸಿದರು. ಏಕೆಂದು ಕೇಳಿದೆ. ಜೆಲ್‌ಕೋಟ್ ಅಚ್ಚಿನಲ್ಲಿ ಹುಟ್ಟಿದಾಗ ಅದರ ಮುಖಕ್ಕೆ ಗಾಳಿಯೇ ತಾಗಿರಲಿಲ್ಲ. ಗಾಳಿಯ ಆಮ್ಲಜನಕ ತಾಗಿದರೆ ಮೇಲ್ಮೈ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಆ ತುಂಡು ಹಾಳೆಯೇ ಈಗ ಅಚ್ಚು.

ಆಮೇಲಿನದು ತಾಳ್ಮೆಯ ಕೆಲಸ: ನೀರು ಹಾಕಿ 400, 600, 1000 ನಂಬರಿನ ಕಾಗದದಲ್ಲಿ ಉಜ್ಜುವುದು, ಪಾಲಿಶ್ ಮಾಡುವುದು, ಮೇಣ ತಿಕ್ಕುವುದು.

ಕಷ್ಟವೆಂದರೆ ಕಾಲದ್ದು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಕಡಲೇ ಮುನಿದಿರುವ ಆ ದಿನಗಳಲ್ಲಿ ಸಣ್ಣ ದೋಣಿಗಳೂ ಹೆಚ್ಚಾಗಿ ದಡದಲ್ಲೇ. ಬಿಡುವು ಸಿಗುವುದು ಆಗ, ಆದರೆ ರಾಳಕ್ಕೆ ತೇವವೆಂದರೆ ಆಗದು. ಟಾರ್ಪಾಲು ಕಟ್ಟಿ, ಬಲ್ಬಿನ ಶಾಖ ಕೊಟ್ಟು, ಜಾಗ ಒಣಗುವುದನ್ನು ದಿನಗಟ್ಟಲೆ ಕಾಯಬೇಕು. ಮೇ ತಿಂಗಳಲ್ಲೇ ಎರಡು ಸಂಜೆ ಕೊಟ್ಟು ಕಲಿಸುವವರಿದ್ದರೆ ಎಷ್ಟೋ ದೋಣಿಗಳ ಆಯುಷ್ಯ ಹೆಚ್ಚೀತು. ಇವರ ಬಳಿ ಕಲಿಯಲು ಬಂದವರು ಈವರೆಗೆ ಇಬ್ಬರಂತೆ. ಒಬ್ಬ ಈಗ ದುಬೈಯಲ್ಲಿದ್ದಾನೆ.

ಹೊರಡುವ ಮುನ್ನ ಅವರು ಆ ಎಂಟನೆಯ ಪಟ್ಟಿಯ ಮೇಲೆ ಪೆನ್ನಿನಲ್ಲಿ ದೋಣಿಯ ಹೆಸರು ಬರೆದು ಬಿಸ್ಕತ್ತಿನ ಡಬ್ಬದೊಳಗೆ ಇಟ್ಟರು. ಡಬ್ಬದ ತುಂಬ ಅಂಥವೇ ಪಟ್ಟಿಗಳು, ಪ್ರತಿಯೊಂದರ ತುದಿಗೂ ಒಂದೊಂದು ಬಿಳಿ. ಮುಂದಿನ ಸಲ ಬಣ್ಣ ಹುಡುಕುವ ಶ್ರಮ ಉಳಿಯಲೆಂದು. ಅವುಗಳಲ್ಲಿ ಮೂರನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟರು. ಒಂದು ದೋಣಿ ಮಾರಿಹೋಗಿದೆ, ಎರಡು ಕಡಲ ಪಾಲಾಗಿವೆ. ನಾನು ನೋಡಿ ಹಿಂದಿರುಗಿಸಿದ ಮೇಲೆ, ಮೂರನ್ನೂ ಒರೆಸಿ ಮತ್ತೆ ಡಬ್ಬಕ್ಕೇ ಹಾಕಿ ಮುಚ್ಚಳ ಒತ್ತಿದರು.