ಸೀಲು ಒಡೆದ ಆಟ

ಸಂಜೆ ಏಳರ ಹೊತ್ತಿಗೆ ಯಶವಂತಪುರ ಮೆಟ್ರೊ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರೈಲು ಹಿಡಿಯಲು ಟ್ರಂಕು ಹೊತ್ತು ಓಡುವವರು, ಎಪಿಎಂಸಿ ಯಾರ್ಡಿನ ಈರುಳ್ಳಿ ಘಾಟನ್ನು ಅಂಗಿಯಲ್ಲಿ ಹೊತ್ತು ಬರುವವರು, ಪೀಣ್ಯದಲ್ಲಿ ಪಾಳಿ ಮುಗಿಸಿ ಇಳಿದವರು. ಈ ಜಂಗುಳಿಯ ನಡುವೆ ಇಬ್ಬರು ಹುಡುಗರು ಮೊಬೈಲು ನೋಡುತ್ತ, ಸುತ್ತಲ ಮುಖಗಳನ್ನು ನೋಡುತ್ತ ಒಬ್ಬರನ್ನೊಬ್ಬರು ಹುಡುಕುತ್ತಾರೆ. ಹಿಂದೆಂದೂ ಭೇಟಿಯಾದವರಲ್ಲ. ಒಬ್ಬನ ಬ್ಯಾಗಿನಿಂದ ತೆಳ್ಳನೆಯ ನೀಲಿ ಪೆಟ್ಟಿಗೆ ಹೊರಬರುತ್ತದೆ. ಇನ್ನೊಬ್ಬ ಮುಚ್ಚಳ ತೆರೆದು, ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿದು, ದೀಪದ ಬೆಳಕಿಗೆ ಓರೆ ಮಾಡುತ್ತಾನೆ.

‘ಒಂದು ಸ್ಕ್ರಾಚೂ ಇಲ್ಲ ಬ್ರೋ.’

‘ಲಾಸ್ಟ್ ಎಷ್ಟು?’

ಆ ಓರೆನೋಟದಲ್ಲಿ ವಿದ್ಯೆಯಿದೆ. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿದ್ದರೆ, ಪ್ಲೇಸ್ಟೇಷನ್ 4 ಮತ್ತು 5ರ ಆಟಗಳು ಬರುವ ಬ್ಲೂ-ರೇಯಲ್ಲಿ ಅದು ಬರೀ 0.1 ಮಿಲಿಮೀಟರ್ ಕೆಳಗಿದೆ. ಅದಕ್ಕೇ ಬ್ಲೂ-ರೇಗೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಕೂದಲೆಳೆಯ ಗೆರೆಗೆ ಯಾರೂ ಅಂಜುವುದಿಲ್ಲ. ಉಗುರಿಗೆ ತಾಗುವ ಗೀರು ಸಿಕ್ಕರೆ, ನಡುವಿನ ತೂತಿನ ಸುತ್ತ ಸೀಳು ಕಂಡರೆ ಮಾತ್ರ ಪೆಟ್ಟಿಗೆ ಮರಳಿ ಬ್ಯಾಗು ಸೇರುತ್ತದೆ. ಇಂದಿನದರಲ್ಲಿ ಎರಡೂ ಇಲ್ಲ. ಯುಪಿಐ ಸದ್ದು ಕೇಳಿದ್ದೇ ಇಬ್ಬರೂ ಎರಡು ದಿಕ್ಕು.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಬ್ಯಾಟರಾಯನಪುರದ ದೊಡ್ಡ ಮಾಲ್ ಹೊಕ್ಕರೆ ಬೇರೆಯೇ ಲೋಕ. ತಣ್ಣನೆಯ ಗಾಳಿ, ಗಾಜಿನ ಕಪಾಟು, ಪ್ಲಾಸ್ಟಿಕ್ ಸೀಲಿನೊಳಗೆ ಮಿಂಚುವ ಹೊಸ ಆಟಗಳು. 2021ರ ಫೆಬ್ರುವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಯಂತ್ರಕ್ಕೆ 49,990 ರೂಪಾಯಿ, ಅದರೊಂದಿಗೆ ಬಂದ ‘ಡೀಮನ್ಸ್ ಸೋಲ್ಸ್’ ಆಟಕ್ಕೆ 4,999. ಹತ್ತು ಆಟ ಕೊಂಡರೆ ಇನ್ನೊಂದು ಯಂತ್ರದ ದುಡ್ಡು! ಆದರೂ ಬಿಡುಗಡೆಯ ದಿನವೇ ಕೊಳ್ಳುವವರಿದ್ದಾರೆ. ಕಥೆಯ ಗುಟ್ಟನ್ನು ಗೆಳೆಯರು ಬಾಯಿಬಿಡುವ ಮೊದಲೇ ಆಡಿ ಮುಗಿಸುವ ಆಸೆ, ಸೀಲು ಹರಿಯುವ ಆ ಕ್ಷಣದ ಹಿಗ್ಗು. ಅದು ದುಂದು ಎಂದು ನನಗೆ ಅನಿಸಿಲ್ಲ. ಏಕೆಂದರೆ ಅವರಲ್ಲಿ ಬಹಳ ಮಂದಿ ಸೀಲು ಹರಿಯುವಾಗಲೇ ಮಾರುವ ದಿನದ ಲೆಕ್ಕ ಹಾಕಿರುತ್ತಾರೆ. ತಿಂಗಳೊಳಗೆ ಆಡಿ ಮುಗಿಸಿದರೆ ಬೆಲೆ ಇನ್ನೂ ನಿಂತಿರುತ್ತದೆ, ತಡವಾದಷ್ಟೂ ಇಳಿಯುತ್ತದೆ. ಹೊಸದನ್ನು ಕೊಳ್ಳುವವನಿಗೆ ಧೈರ್ಯ ಬರುವುದೇ, ಮೆಟ್ರೊ ಮೆಟ್ಟಿಲ ಬಳಿ ಕಾಯುವ ಆ ಇನ್ನೊಬ್ಬ ಹುಡುಗ ಇದ್ದಾನೆಂಬ ನಂಬಿಕೆಯಿಂದ.

ಎಲ್ಲ ಆಟಕ್ಕೂ ಈ ಲೆಕ್ಕ ಒಗ್ಗದು. ಫುಟ್‌ಬಾಲ್ ಆಟಗಳು ವರ್ಷಕ್ಕೊಮ್ಮೆ ಹೊಸದಾಗುವುದರಿಂದ ಹಿಂದಿನ ವರ್ಷದ್ದು ಮಾವಿನಹಣ್ಣಿನ ಹಾಗೆ, ಕಾಲ ಕಳೆದರೆ ಕೇಳುವವರಿಲ್ಲ. ನಿಂಟೆಂಡೊ ಆಟಗಳು ಬೆಲೆ ಬಿಟ್ಟುಕೊಡುವುದೇ ಅಪರೂಪ.

ಆರ್.ಟಿ. ನಗರದ ಒಳರಸ್ತೆಯೊಂದರಲ್ಲಿ, ಬೇಕರಿಗೂ ಮೊಬೈಲ್ ರಿಪೇರಿಗೂ ನಡುವೆ, ಒಬ್ಬರು ನಿಂತರೆ ತುಂಬುವಂಥ ಅಂಗಡಿ. ಮೇಜಿನ ಮೇಲೆ ಬಿಚ್ಚಿಟ್ಟ ಕಂಟ್ರೋಲರುಗಳು, ಸೋಲ್ಡರಿಂಗ್ ಹೊಗೆ, ಗೋಡೆಗೆ ಒರಗಿಸಿದ ಪುಟ್ಟ ಟಿ.ವಿ. ಮಾಲೀಕರು ಯಾವ ಡಿಸ್ಕನ್ನೂ ಬರಿಗಣ್ಣಿಗೆ ನಂಬುವುದಿಲ್ಲ. ಯಂತ್ರಕ್ಕೆ ಹಾಕಿ, ಇನ್‌ಸ್ಟಾಲ್ ಪಟ್ಟಿ ಸರಿಯುವುದನ್ನು ಕಂಡೇ ಕೈಗೆ ಕೊಡುತ್ತಾರೆ. ‘ಹಳೇದು ಕೊಡಿ, ಮೇಲೆ ಐನೂರು ಹಾಕಿ, ಇದು ತಗೊಂಡ್ಹೋಗಿ’ ಎನ್ನುವುದು ಇಲ್ಲಿನ ವ್ಯಾಪಾರ. ಯೂನಿಫಾರ್ಮು ತೊಟ್ಟ ಹುಡುಗರ ಕಣ್ಣು ಕಪಾಟಿನ ಕೆಳಸಾಲಿನಲ್ಲಿ ನೆಡುತ್ತದೆ, ಅಗ್ಗದವು ಅಲ್ಲಿರುವುದು. ತೊಂಬತ್ತರ ದಶಕದ ಮಕ್ಕಳು ‘9999 ಇನ್ 1’ ಕ್ಯಾಸೆಟ್ಟುಗಳನ್ನು ಬೇಸಿಗೆ ರಜೆಯಲ್ಲಿ ಬೀದಿಯಿಡೀ ಅದಲುಬದಲು ಮಾಡಿಕೊಂಡು ಕಾಂಟ್ರಾ, ಮಾರಿಯೊ ಆಡಿದರು. ಆ ಋಣಾನುಬಂಧವೇ ಇದು.

ಇನ್ನೊಂದು ಮಗ್ಗುಲೂ ಇದೆ, ಅದು ಈ ಊರಿನದೇ. ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರ‍್ಯಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಸರಣಿಯ ರಾಕ್‌ಸ್ಟಾರ್. ನಮ್ಮ ನಡುವಿನ ಕಲಾವಿದರೇ ಆ ಬೀದಿ, ಕಾರು, ಕಟ್ಟಡಗಳಿಗೆ ರೂಪ ಕೊಡುತ್ತ ಕೂತಿರುವಾಗ, ಮೆಟ್ಟಿಲ ಬಳಿ ಕೈ ಬದಲಾದ ದುಡ್ಡಿನಲ್ಲಿ ಒಂದು ಪೈಸೆಯೂ ತಯಾರಕರಿಗೆ ಸೇರುವುದಿಲ್ಲ. ಹಾಗಾಗಿ ಪುಣೆಯ ಸಣ್ಣ ತಂಡ 2020ರಲ್ಲಿ ತಂದ ‘ರಾಜಿ’ಯಂಥ ಆಟವನ್ನು ಪೂರ್ತಿ ಬೆಲೆ ಕೊಟ್ಟೇ ಕೊಳ್ಳಬೇಕೆಂದು ನಾನು ಹಟ ಹಿಡಿಯುತ್ತೇನೆ. ಕೋಟಿಗಟ್ಟಲೆ ಪ್ರತಿ ಮಾರಿಕೊಂಡ ಆಟದ ವಿಷಯದಲ್ಲಿ ಆ ಹಟವಿಲ್ಲ.

ಹಳೆಯ ಡಿಸ್ಕಿನ ಹಾದಿಗೆ ಅಡ್ಡಗಟ್ಟೆ ಕಟ್ಟಲು ದೊಡ್ಡ ಕಂಪನಿಗಳು ನೋಡಿದ್ದುಂಟು. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಳೆಯ ಆಟಗಳಿಗೆ ನಿರ್ಬಂಧ ತರಲು ಹೊರಟ ಮೈಕ್ರೋಸಾಫ್ಟ್, ಆಟಗಾರರು ರೊಚ್ಚಿಗೆದ್ದ ಮೇಲೆ 2013ರ ಜೂನ್ 19ರಂದು ಹಿಂದೆ ಸರಿಯಿತು. ಈಗ ಅದೇ ಕೆಲಸ ಸದ್ದಿಲ್ಲದೆ ಆಗುತ್ತಿದೆ. ‘ಅಲನ್ ವೇಕ್ 2’ 2023ರಲ್ಲಿ ಬಂದಾಗ ಡಿಸ್ಕೇ ಇರಲಿಲ್ಲ, ಬಂದದ್ದು ವರ್ಷದ ನಂತರ. ಡೌನ್‌ಲೋಡ್ ಮಾಡಿದ ಆಟ ಕೊಂಡವನ ಅಕೌಂಟಿಗೆ ಅಂಟಿಕೊಳ್ಳುತ್ತದೆ. ತಮ್ಮನ ಗೆಳೆಯನಿಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಡಿಸ್ಕಿದ್ದರೂ ಪೂರ್ಣ ಅಭಯವಿಲ್ಲ: ‘ದ ಕ್ರೂ’ ಆಟದ ಸರ್ವರುಗಳನ್ನು 2024ರ ಮಾರ್ಚ್ 31ಕ್ಕೆ ಮುಚ್ಚಿದಾಗ ಅದರ ಡಿಸ್ಕು ಬರೀ ತಟ್ಟೆಯಾಯಿತು. ಆದರೂ ಡಿಸ್ಕ್ ಹಾಕುವ ಸೀಳು ಯಂತ್ರದಲ್ಲಿ ಉಳಿಯಬೇಕು. ಬಡವರ ಮನೆಯ ಮಗು ದೊಡ್ಡ ಆಟದ ಒಳಗೆ ಕಾಲಿಡುವುದು ಆ ಸೀಳಿನಿಂದಲೇ.

ಯಲಹಂಕ ಉಪನಗರದ ಅಪಾರ್ಟ್‌ಮೆಂಟ್ ಗೇಟಿನ ಬಳಿ ಭಾನುವಾರ ಬೆಳಿಗ್ಗೆ ಅಪ್ಪ, ಮಗಳು ಸ್ಕೂಟರ್ ನಿಲ್ಲಿಸಿದ್ದಾರೆ. ಮಾರುವವನು ತಂದ ಬಿಳಿ ಯಂತ್ರ ಧೂಳಿಲ್ಲದೆ ಹೊಳೆಯುತ್ತಿದೆ. ಬಿಲ್ಲಿದೆ, ಎರಡು ಕಂಟ್ರೋಲರಿವೆ, ಬೆಲೆಯೂ ಅಪ್ಪನ ಅಂದಾಜಿಗಿಂತ ಕಡಿಮೆ. ಅಪ್ಪ ಫೋನು ತೆಗೆದಾಗಿದೆ. ಮಗಳು ಯಂತ್ರವನ್ನು ಸುತ್ತಲೂ ತಿರುಗಿಸಿ ನೋಡಿ, ‘ಇದು ಡಿಜಿಟಲ್ ಅಪ್ಪ, ಇದರಲ್ಲಿ ಸೆಕೆಂಡ್ ಹ್ಯಾಂಡ್ ಸಿಡಿ ಹಾಕಕ್ಕಾಗಲ್ಲ’ ಎನ್ನುತ್ತಾಳೆ. ಅಪ್ಪ ಮಾರುವವನತ್ತ ತಿರುಗಿ, ಡ್ರೈವ್ ಇರುವುದು ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸತೊಡಗುತ್ತಾರೆ.