ಉಡಿದಾರದ ಚಿಮಟ, ಜೇಬಿನ ಚಾಕು

ಬಯಲುಸೀಮೆಯ ಕುರಿಗಾಹಿಯ ಉಡಿದಾರದಲ್ಲಿ ಪುಟ್ಟ ಚಿಮಟವೊಂದು ತೂಗುತ್ತಿದ್ದುದನ್ನು ಹಿರಿಯರು ಬಲ್ಲರು. ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಎರಡೂ ಒಂದೇ ಬಳೆಯಲ್ಲಿ. ಜಾಲಿಮುಳ್ಳಿನ ನೆಲದಲ್ಲಿ ದಿನವಿಡೀ ನಡೆಯುವವನಿಗೆ ಇದು ಅಲಂಕಾರವಲ್ಲ. ಕಾಲಿನಲ್ಲಿ ಮುರಿದ ಮುಳ್ಳು ಕೀವುಗಟ್ಟಿದರೆ ಮಂದೆಯ ಹಿಂದೆ ಹೋಗುವವರಾರು? ಹಲವು ಅಲಗುಗಳ ಜೇಬುಚಾಕು ಕೊಳ್ಳಹೊರಟವರು ಈ ಚಿಮಟವನ್ನು ನೆನೆಯುವುದು ಒಳ್ಳೆಯದು.

ಸಣ್ಣದರಲ್ಲಿ ಹೆಚ್ಚು ಕೆಲಸ ಸಾಧಿಸುವ ಜಾಣ್ಮೆ ಈ ಸೀಮೆಗೆ ಹೊಸತಲ್ಲ. ದೇವಸಮುದ್ರವಿರುವ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಅಶೋಕನ ಶಾಸನಕ್ಕೆ ಹೆಸರಾದ ಬ್ರಹ್ಮಗಿರಿ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ನಯಗೊಳಿಸಿದ ಕಲ್ಲುಗೊಡಲಿಗಳ ಜೊತೆಗೆ ಬೆರಳುದ್ದವೂ ಇಲ್ಲದ ಕಲ್ಲಿನ ಅಲಗುಗಳು ದೊರೆತವು. ಇಂಥ ಅಲಗುಗಳನ್ನು ಮರ ಅಥವಾ ಮೂಳೆಯ ಹಿಡಿಗೆ ಕೂರಿಸುತ್ತಿದ್ದರು. ಮೊಂಡಾದರೆ ಅಲಗು ಮಾತ್ರ ಬದಲಾಗುತ್ತಿತ್ತು, ಹಿಡಿ ಉಳಿಯುತ್ತಿತ್ತು. ಅನಂತರದ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳು ಕಂಡುಬಂದವು.

ಇಂದಿನ ಜೇಬುಚಾಕುವಿನ ಮೂಲಪುರುಷ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್. ಆತ 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಮೊದಲ ಚಾಕುಗಳನ್ನು ಒದಗಿಸಿದ. ಅವುಗಳಲ್ಲಿದ್ದುದು ನಾಲ್ಕೇ ಉಪಕರಣ: ಅಲಗು, ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್. ಸೈನಿಕರ ಹೊಸ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು. ಅಂದರೆ ಮೊದಲು ಕೆಲಸ, ಆಮೇಲೆ ಉಪಕರಣ. 1983ರಲ್ಲಿ ಅಮೆರಿಕದ ಟಿಮ್ ಲೆದರ್‌ಮನ್ ಇಕ್ಕಳವನ್ನೇ ನಡುವಿಗಿಟ್ಟು ಇನ್ನೊಂದು ಬಗೆಯನ್ನು ಮಾರುಕಟ್ಟೆಗೆ ತಂದ.

ಆದ್ದರಿಂದ ಕೊಳ್ಳುವ ಮುನ್ನ ವಾರದಲ್ಲಿ ನಿಜವಾಗಿ ಮಾಡುವ ಕೆಲಸಗಳನ್ನು ಎಣಿಸಬೇಕು. ಹಗ್ಗ ಕೊಯ್ಯಲು, ಹಣ್ಣು ಹೆಚ್ಚಲು, ಸ್ಕ್ರೂ ಬಿಗಿಮಾಡಲು ನಾಲ್ಕೈದು ಉಪಕರಣ ಸಾಕು. ಇಪ್ಪತ್ತಿದ್ದರೆ ಹಿಡಿ ದಪ್ಪವಾಗಿ ಚಾಕು ಮನೆಯಲ್ಲೇ ಉಳಿಯುತ್ತದೆ. ಪಂಪ್‌ಸೆಟ್ಟು, ತಂತಿಬೇಲಿಗಳ ಕೆಲಸವಿರುವ ರೈತನಿಗೆ ಇಕ್ಕಳವಿರುವುದೇ ಲೇಸು. ಸ್ಟೇನ್‌ಲೆಸ್ ಉಕ್ಕು ಬೇಗ ತುಕ್ಕು ಹಿಡಿಯದು. ಸಾದಾ ಉಕ್ಕನ್ನು ಸಾಣೆಕಲ್ಲಿನಲ್ಲಿ ಸುಲಭವಾಗಿ ಮಸೆಯಬಹುದು, ಆದರೆ ಹುಳಿಹಣ್ಣು ಕೊಯ್ದ ಮೇಲೆ ಒರೆಸದಿದ್ದರೆ ಕಪ್ಪಾಗುತ್ತದೆ. ಒತ್ತಿ ಕೊಯ್ಯುವಾಗ ಅಲಗು ಮಡಚಿಕೊಂಡರೆ ಬೆರಳಿಗೆ ಅಪಾಯ. ಭಾರದ ಕೆಲಸವಿದ್ದವರು ಅಲಗಿಗೆ ಬೀಗವಿದೆಯೇ ಎಂದು ಅಂಗಡಿಯಲ್ಲೇ ತೆರೆದು ಮುಚ್ಚಿ ನೋಡಬೇಕು.

ವಿಮಾನ ಹತ್ತುವವರು ಇದನ್ನು ಕೈಚೀಲದಲ್ಲಿ ಇಡುವಂತಿಲ್ಲ. ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು.

ಕುರಿಗಾಹಿಯ ಚಿಮಟದಲ್ಲಿದ್ದುದು ಎರಡೇ ಉಪಕರಣ. ಆದರೆ ಮುಳ್ಳು ಚುಚ್ಚಿದ ಗಳಿಗೆಯಲ್ಲಿ ಅದು ಅವನ ಸೊಂಟದಲ್ಲೇ ಇರುತ್ತಿತ್ತು.