ಹೃದಯ ಹೊಸದು, ಕರುಳು ಹಳೆಯದು

ಬೇಸಿಗೆಯ ಕೊನೆಗೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಶಿವಮೊಗ್ಗದ ಕೋಟೆಯ ಬೀದಿಗಳಲ್ಲಿ, ತುಂಗೆಯ ದಡದಲ್ಲಿ ಮಣ್ಣಿನ ವಾಸನೆ ಘಮ್ಮೆಂದು ಏಳುತ್ತದೆ. ಈ ವಾಸನೆಗೆ ಮುಖ್ಯ ಕಾರಣ ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು. ಇದೇ ಕುಲದ ಇನ್ನೊಂದು ಪ್ರಭೇದ 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನಲ್ಲಿ ಸಿಕ್ಕಿತು. ಅದು ತಯಾರಿಸುವ ಟ್ಯಾಕ್ರೊಲಿಮಸ್ ಎಂಬ ವಸ್ತುವೇ ಇಂದು ಹೃದಯ ಕಸಿ ಮಾಡಿಸಿಕೊಂಡವರ ಮುಖ್ಯ ಔಷಧಿ.

ಹೃದಯ ಬದಲಾಯಿಸಿದ ಮೇಲೂ ಔಷಧಿ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಬಾರಿ ಹೃದಯ ಕಸಿ ಮಾಡಿದರು. ರೋಗಿ ಲೂಯಿ ವಾಷ್ಕಾನ್‌ಸ್ಕಿ ಬದುಕಿದ್ದು 18 ದಿನ. ಸೋತದ್ದು ಹೃದಯವಲ್ಲ, ನ್ಯುಮೋನಿಯಾ ತಗುಲಿದ ಶ್ವಾಸಕೋಶ. ಪರರ ಅಂಗವನ್ನು ದೇಹ ಶತ್ರುವೆಂದೇ ತಿಳಿದು ಬಿಳಿ ರಕ್ತಕಣಗಳನ್ನು ಛೂ ಬಿಡುತ್ತದೆ. ಅವನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬೇಕು. ಕುಗ್ಗಿಸಿದರೆ ಸೋಂಕುಗಳಿಗೆ ಬಾಗಿಲು ತೆರೆದಂತೆ. ನಮ್ಮ ದೇಶದಲ್ಲಿ 1968ರಲ್ಲಿ ಮುಂಬಯಿಯ ಡಾ. ಪಿ.ಕೆ. ಸೇನ್ ಈ ಸಾಹಸ ಮಾಡಿದರಾದರೂ ರೋಗಿ ಉಳಿಯಲಿಲ್ಲ. ಯಶಸ್ಸು ಸಿಕ್ಕಿದ್ದು 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರಿಗೆ. ಬೆಂಗಳೂರಿನ ದಾನಿಯೊಬ್ಬರ ಹೃದಯ 2014ರ ಸೆಪ್ಟೆಂಬರಿನಲ್ಲಿ ವಿಮಾನವೇರಿ ಚೆನ್ನೈ ಸೇರಿದ್ದು ಅನೇಕ ಓದುಗರಿಗೆ ನೆನಪಿರಬಹುದು.

ಟ್ಯಾಕ್ರೊಲಿಮಸ್ ಬಲು ನಾಜೂಕಿನ ಮದ್ದು. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ದೇಹ ಹೊಸ ಹೃದಯವನ್ನು ತಿರಸ್ಕರಿಸುತ್ತದೆ. ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಕೈ ನಡುಗುತ್ತದೆ, ಸೋಂಕು ಹತ್ತಿರ ಸುಳಿಯುತ್ತದೆ. ಒಬ್ಬರಿಗೆ ಸರಿಹೋದ ಪ್ರಮಾಣ ಇನ್ನೊಬ್ಬರಿಗೆ ಸಾಲದು. ಹೀಗೇಕೆ ಎಂದು ಹುಡುಕುತ್ತಾ ಹೋದವರ ದೃಷ್ಟಿ ಕರುಳಿನ ಮೇಲೆ ಬಿತ್ತು.

ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಎಲ್ಲ ಸೇರಿ ತೂಗಿದರೆ ಕಾಲು ಕೇಜಿಯೂ ಇಲ್ಲ! ಅವುಗಳಲ್ಲೊಂದು ಫೀಕಾಲಿಬ್ಯಾಕ್ಟೀರಿಯಮ್. ನಾವು ತಿಂದ ಸೊಪ್ಪು, ಕಾಳು, ತರಕಾರಿಗಳ ನಾರನ್ನು ಹುಳಿಯಿಸಿ ಬ್ಯುಟಿರೇಟ್ ತಯಾರಿಸಿ ಕರುಳಿನ ಗೋಡೆಗೆ ಪೋಷಣೆ ಕೊಡುವ ಸಜ್ಜನ ಜೀವಿ ಇದು. ಆದರೆ ಮೂತ್ರಪಿಂಡ ಕಸಿಯಾದವರಲ್ಲಿ ಇದು ಹೆಚ್ಚಿದ್ದವರಿಗೆ ಟ್ಯಾಕ್ರೊಲಿಮಸ್ ಹೆಚ್ಚು ಬೇಕಾಗುತ್ತಿತ್ತು ಎಂದು 2015ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಗಮನಿಸಿದರು. ಈ ಬ್ಯಾಕ್ಟೀರಿಯಾ ಮದ್ದನ್ನೇ ಒಡೆದು ಅದರ ಬಲ ಕುಗ್ಗಿಸಬಲ್ಲದು ಎಂದು ನಂತರ ಪ್ರಯೋಗಾಲಯದಲ್ಲಿ ಖಚಿತವಾಯಿತು. ಮಣ್ಣಿನ ಬ್ಯಾಕ್ಟೀರಿಯಾ ಕಟ್ಟಿದ್ದನ್ನು ಹೊಟ್ಟೆಯ ಬ್ಯಾಕ್ಟೀರಿಯಾ ಕೆಡವುತ್ತದೆ, ನೋಡಿ.

ಹೃದಯದ ಕಾಯಿಲೆಯೂ ಕರುಳನ್ನು ಬಿಡುವುದಿಲ್ಲ. ಹೃದಯ ವೈಫಲ್ಯ ತೀವ್ರವಾದಷ್ಟೂ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ತಗ್ಗಿರುತ್ತದೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಕಸಿಯ ನಂತರ ದೇಹದ ಉರಿಯೂತ ಇಳಿದಿತ್ತು, ಆದರೆ ತಗ್ಗಿದ ವೈವಿಧ್ಯ ಹಾಗೆಯೇ ಉಳಿದಿತ್ತು. ಸೋಂಕು ತಡೆಯಲು ಕೊಡುವ ಆಂಟಿಬಯಾಟಿಕ್‌ಗಳೂ ಒಳ್ಳೆಯ, ಕೆಟ್ಟ ಬ್ಯಾಕ್ಟೀರಿಯಾ ಎಂದು ಭೇದ ಮಾಡುವುದಿಲ್ಲವಲ್ಲ.

ಮನೆಯವರು ಎಡವುವ ಜಾಗ ಒಂದಿದೆ. ಕಸಿಯಾದವರಿಗೆ ಭೇದಿಯಾದರೆ ಗುಳಿಗೆ ಮೈಗೆ ಹತ್ತದೆ ಹೊರಟುಹೋಗಿರಬೇಕು ಎಂದುಕೊಳ್ಳುವುದು ಸಹಜ. ನಡೆಯುವುದು ಅನೇಕ ವೇಳೆ ತದ್ವಿರುದ್ಧ. ಕರುಳಿನ ಗೋಡೆಯಲ್ಲಿರುವ ಕಿಣ್ವವೊಂದು ಟ್ಯಾಕ್ರೊಲಿಮಸ್‌ನ ದೊಡ್ಡ ಪಾಲನ್ನು ಒಳಗೆ ಬಿಡದೆ ಒಡೆಯುತ್ತಿರುತ್ತದೆ. ಭೇದಿಯಿಂದ ಗೋಡೆ ಘಾಸಿಗೊಂಡಾಗ ಈ ಕಾವಲು ಸಡಿಲವಾಗಿ ರಕ್ತದಲ್ಲಿ ಮದ್ದು ಏರುತ್ತದೆ. ಆಗ ಇನ್ನೊಂದು ಗುಳಿಗೆ ನುಂಗಿಸುವುದು ಅಪಾಯ. ತಾವಾಗಿಯೇ ನಿಲ್ಲಿಸುವುದೂ ಅಪಾಯ. ವೈದ್ಯರಿಗೆ ಅಂದೇ ತಿಳಿಸಬೇಕು. ಚಕ್ಕೋತ ಹಣ್ಣು ಕೂಡ ಇದೇ ಕಿಣ್ವವನ್ನು ಅಡಗಿಸುವುದರಿಂದ ಕಸಿಯಾದವರಿಗೆ ಅದು ವರ್ಜ್ಯ.

ಹಾಗಾದರೆ ಮೊಸರು? ಆರೋಗ್ಯವಂತರಿಗೆ ಒಳ್ಳೆಯದೇ. ಆದರೆ ನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇಂಥ ಸೌಮ್ಯ ಬ್ಯಾಕ್ಟೀರಿಯಾಗಳೂ ಅಪರೂಪಕ್ಕೆ ರಕ್ತಕ್ಕೆ ಇಳಿದ ಉದಾಹರಣೆಗಳಿವೆ. ಕಾಯಿಸದ ಹಾಲು, ಹಸಿ ಮೊಳಕೆಕಾಳು ಬೇಡವೇ ಬೇಡ. ಮೊಸರನ್ನೂ, ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಗಳನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು.

ಮಲ ಪರೀಕ್ಷೆಯಿಂದಲೇ ಮದ್ದಿನ ಪ್ರಮಾಣ ಹೇಳುವ ವಿದ್ಯೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಸದ್ಯಕ್ಕೆ ರಕ್ತ ಪರೀಕ್ಷೆಯೇ ಗತಿ. ಅದೂ ಬೆಳಗಿನ ಗುಳಿಗೆ ನುಂಗುವ ಮೊದಲೇ ರಕ್ತ ಕೊಡಬೇಕು, ನುಂಗಿ ಕೊಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ. ರಾತ್ರಿ ರೈಲಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ ತಪಾಸಣೆಗೆ ಹೋಗುವವರು ಬೆಳಗಿನ ಗುಳಿಗೆಯನ್ನು ಜೇಬಿನಲ್ಲೇ ಇಟ್ಟುಕೊಂಡು, ರಕ್ತ ಕೊಟ್ಟಾದ ಕೂಡಲೇ ನುಂಗಬೇಕು.